ಬುಕ್‌ಮಾರ್ಕ್: ಉಳಿಯುವುದು ವಿಳಾಸ, ಪುಟವಲ್ಲ

ಬ್ರೌಸರಿನಲ್ಲಿ ನಕ್ಷತ್ರದ ಗುರುತನ್ನು ಒತ್ತಿ ಬುಕ್‌ಮಾರ್ಕ್ ಮಾಡಿದೊಡನೆ ಇಡೀ ಪುಟವೇ ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂಬುದು ಅತ್ಯಂತ ವ್ಯಾಪಕವಾದ ತಪ್ಪು ಕಲ್ಪನೆಯಾಗಿದ್ದು, ಉಳಿದ ಗೊಂದಲಗಳಲ್ಲಿ ಹಲವು ಇದರಿಂದಲೇ ಹುಟ್ಟುತ್ತವೆ. ವಾಸ್ತವದಲ್ಲಿ ಉಳಿಯುವುದು ಪುಟದ ಹೆಸರು ಮತ್ತು ಯುಆರ್‌ಎಲ್, ಅಂದರೆ ಜಾಲವಿಳಾಸ ಮಾತ್ರ. ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಸೂಪಾ ಪಟ್ಟಣ ಮುಳುಗಿ, ತಾಲ್ಲೂಕು ಕೇಂದ್ರವು ಜೊಯಿಡಾಕ್ಕೆ ಬಂದ ಮೇಲೆಯೂ ಹಳೆಯ ಊರಿನ ವಿಳಾಸವನ್ನೇ ಹಿಡಿದು ಹೊರಟವನ ಸ್ಥಿತಿ, ಇಲಾಖೆಯ ತಾಣ ಬದಲಾದ ಬಳಿಕ ಹಳೆಯ ಬುಕ್‌ಮಾರ್ಕ್ ಒತ್ತಿದವನದೂ ಆಗುತ್ತದೆ. ‘ಕೆಎಆರ್ ಡಾಟ್ ನಿಕ್ ಡಾಟ್ ಇನ್’ ಎಂದು ಕೊನೆಗೊಳ್ಳುತ್ತಿದ್ದ ರಾಜ್ಯ ಸರ್ಕಾರದ ಅನೇಕ ತಾಣಗಳು ‘ಕರ್ನಾಟಕ ಡಾಟ್ ಗೌ ಡಾಟ್ ಇನ್’ಗೆ ಸ್ಥಳಾಂತರಗೊಂಡಾಗ ಆದದ್ದು ಇದೇ. ಹೆಸರೂ ತಾನಾಗಿ ಬದಲಾಗದು: ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವು 2015ರಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವಾದರೂ, ಅದಕ್ಕೆ ಮುನ್ನ ಹಳೆಯ ಹೆಸರಿನಲ್ಲಿ ಗುರುತಿಟ್ಟ ಪುಟವು ‘ಕಾಳಿ’ ಎಂದು ಹುಡುಕಿದರೆ ಸಿಗುವುದಿಲ್ಲ.

ಪಹಣಿಯ ವಿಷಯದಲ್ಲಿ ಈ ಕಲ್ಪನೆ ಇನ್ನಷ್ಟು ತೊಡಕು ತರುತ್ತದೆ. ಭೂಮಿ ತಾಣದಲ್ಲಿ ಉತ್ತರ ಕನ್ನಡ ಜಿಲ್ಲೆ, ಹಳಿಯಾಳ ಅಥವಾ ಮುಂಡಗೋಡ ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ಎಂದು ಒಂದೊಂದಾಗಿ ಆಯ್ದು ಪಡೆದ ಪುಟಕ್ಕೆ ಗುರುತು ಹಾಕಿದವರಿಗೆ ಮರುದಿನ ಕಾಣುವುದು ಖಾಲಿ ನಮೂನೆ. ಏಕೆಂದರೆ ಆ ಆಯ್ಕೆಗಳು ಜಾಲವಿಳಾಸದಲ್ಲಿ ಸೇರದೆ ಸರ್ವರಿಗೆ ಪ್ರತ್ಯೇಕವಾಗಿ ಹೋಗುತ್ತವೆ. ಇದನ್ನು ಬ್ರೌಸರಿನ ದೋಷವೆನ್ನಲಾಗದು. ಇಂಥ ಪುಟಗಳನ್ನು ಮುದ್ರಣದ ಆಯ್ಕೆಯ ಮೂಲಕ ಪಿಡಿಎಫ್ ಆಗಿ ಉಳಿಸುವುದೇ ಸರಿಯಾದ ಕ್ರಮ; ನೆಟ್‌ವರ್ಕ್ ಸಿಗದ ಜೊಯಿಡಾದ ಕಾಡಂಚಿನ ಹಳ್ಳಿಗಳಲ್ಲಿ ಅದನ್ನಷ್ಟೇ ತೆರೆಯಲು ಸಾಧ್ಯ.

ಹಿಸ್ಟರಿ ಅಳಿಸಿದರೆ ಬುಕ್‌ಮಾರ್ಕುಗಳೂ ಅಳಿಯುತ್ತವೆ ಎಂಬ ಭಯ ನಿರಾಧಾರ. ಅವು ‘ಮಾಯವಾದಾಗ’ ಬಹುಮಟ್ಟಿಗೆ ಪಟ್ಟಿ ಮರೆಯಾಗಿರುತ್ತದೆ, ಇಲ್ಲವೇ ಬೇರೊಬ್ಬರ ಪ್ರೊಫೈಲ್ ತೆರೆದಿರುತ್ತದೆ. ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಪಟ್ಟಿ ಮತ್ತೆ ಕಾಣಿಸುತ್ತದೆ.

ಸಿಂಕ್ ಇದ್ದರೆ ಬೇರೆ ಪ್ರತಿ ಬೇಡ ಎಂಬ ವಿಶ್ವಾಸವಾದರೋ ನಿಜಕ್ಕೂ ಅಪಾಯಕಾರಿ. ಸಿಂಕ್ ಎಂದರೆ ಒಂದೇ ಖಾತೆಯ ಎಲ್ಲ ಸಾಧನಗಳನ್ನು ಒಂದೇ ಸ್ಥಿತಿಯಲ್ಲಿಡುವ ವ್ಯವಸ್ಥೆ. ಆದ್ದರಿಂದ ಫೋನಿನಲ್ಲಿ ಅಳಿಸಿದ ಫೋಲ್ಡರ್ ಕಚೇರಿಯ ಕಂಪ್ಯೂಟರಿನಿಂದಲೂ ಹೋಗುತ್ತದೆ. ಕಂಪ್ಯೂಟರಿನ ಕ್ರೋಮ್‌ನಲ್ಲಿ, ಅಳಿಸಿದ ಕೂಡಲೇ ಬುಕ್‌ಮಾರ್ಕ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಝೆಡ್ ಒತ್ತಿದರೆ ಅದು ಮರಳುತ್ತದೆ. ಫೈರ್‌ಫಾಕ್ಸ್ ತಾನಾಗಿಯೇ ದಿನಾಂಕವಾರು ಪ್ರತಿಗಳನ್ನು ಇಟ್ಟುಕೊಳ್ಳುತ್ತದೆಯಾದರೂ, ಅಂಥ ಪ್ರತಿಯನ್ನು ಮರುಸ್ಥಾಪಿಸಿದಾಗ ಈಗಿನ ಪಟ್ಟಿಯ ಸ್ಥಾನವನ್ನು ಹಳೆಯದು ಆಕ್ರಮಿಸುತ್ತದೆ ಎಂಬುದನ್ನು ಮರೆಯುವಂತಿಲ್ಲ. ಎಕ್ಸ್‌ಪೋರ್ಟ್ ಆಯ್ಕೆಯಿಂದ ದೊರೆಯುವ ಎಚ್‌ಟಿಎಂಎಲ್ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಇರಿಸಿಕೊಂಡರೆ ಯಾವ ಪ್ರಮುಖ ಬ್ರೌಸರಿಗಾದರೂ ಅದನ್ನು ಸೇರಿಸಬಹುದು. 1990ರ ದಶಕದ ನೆಟ್‌ಸ್ಕೇಪ್ ಬ್ರೌಸರ್ ರೂಪಿಸಿದ ಈ ಕಡತಮಾದರಿ ಇಂದಿಗೂ ಬಳಕೆಯಲ್ಲಿದೆ.

ಇನ್‌ಕಾಗ್ನಿಟೊ ಕಿಟಕಿಯಲ್ಲಿ ಮಾಡಿದ್ದೆಲ್ಲವೂ ಕಿಟಕಿ ಮುಚ್ಚಿದೊಡನೆ ಅಳಿಯುತ್ತದೆ ಎಂಬುದೂ ಪೂರ್ಣ ಸತ್ಯವಲ್ಲ. ಅಲ್ಲಿ ಹಿಸ್ಟರಿ ಉಳಿಯುವುದಿಲ್ಲ, ಆದರೆ ಬುಕ್‌ಮಾರ್ಕ್ ಉಳಿಯುತ್ತದೆ. ಹತ್ತಾರು ಜನ ಬಳಸುವ ಸೇವಾಕೇಂದ್ರದ ಕಂಪ್ಯೂಟರಿನಲ್ಲಿ ಗುರುತು ಹಾಕಿದವರು ಅದನ್ನು ಅಳಿಸಿಯೇ ಎದ್ದೇಳಬೇಕು.