ಹೊಳೆ ಹೊಸ್ತಿಲಿಗೆ ಬಂದಾಗ ಮನೆಯ ಮಕ್ಕಳು

2019ರಲ್ಲಿ ಶ್ರಾವಣ ಶುದ್ಧ ಪಂಚಮಿಯು ಆಗಸ್ಟ್ 5ರಂದು, ಶ್ರಾವಣದ ಮೊದಲ ಸೋಮವಾರವೇ ಬಂದಿತು. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಗೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೊಟ್ಟ ಮನೆಯಿಂದ ಮಗಳು ಬಗಲಲ್ಲಿ ಒಂದು ಕೂಸು, ಕೈಯಲ್ಲಿ ಒಂದು ಕೂಸು ಹಿಡಿದು ತವರಿಗೆ ಬರುತ್ತಾಳೆ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ತಂಬಿಟ್ಟು, ಅಳ್ಳಿಟ್ಟುಗಳಿಂದ ಡಬ್ಬಿಗಳು ತುಂಬುತ್ತವೆ. ಪಡಸಾಲೆಯ ತೊಲೆಗೂ ಬೇವಿನ ಟೊಂಗೆಗೂ ಜೋಕಾಲಿಗಳು ಬೀಳುತ್ತವೆ. ಬಸವಣ್ಣನವರು ಲಿಂಗೈಕ್ಯರಾದ ತಿಥಿಯೆಂದು ಇದನ್ನು ಬಸವ ಪಂಚಮಿಯಾಗಿ ಆಚರಿಸಿ, ನಾಗಪ್ಪನ ಮೂರ್ತಿಗೆ ಎರೆಯುವ ಹಾಲನ್ನು ಮಕ್ಕಳಿಗೆ ಕುಡಿಸುವ ಪರಿಪಾಠವೂ ಈಚಿನ ವರ್ಷಗಳಲ್ಲಿ ಹಲವೆಡೆ ಬೆಳೆದು ಬಂದಿದೆ. ಹೀಗೆ ಮನೆಗಳು ಮಕ್ಕಳಿಂದ ತುಂಬಿದ್ದ ಆ ವಾರದಲ್ಲಿಯೇ ಮಲಪ್ರಭೆಯೂ ತುಂಬಿ ಬಂದಳು.

ಸವದತ್ತಿ ತಾಲ್ಲೂಕಿನ ಮುನವಳ್ಳಿ, ರಾಮದುರ್ಗ ತಾಲ್ಲೂಕಿನ ಸುನ್ನಾಳ ಮೊದಲಾದ ಹೊಳೆಸಾಲಿನ ಊರುಗಳಿಗೂ, ರಾಮದುರ್ಗ ಪಟ್ಟಣದ ತಗ್ಗಿನ ಓಣಿಗಳಿಗೂ ನೀರು ನುಗ್ಗಿತು. ನಾಲ್ವರಿರುವ ಮನೆಯಲ್ಲಿ ಹಬ್ಬದ ನಿಮಿತ್ತ ಎಂಟು ಹತ್ತು ಜನರಿದ್ದ ಹೊತ್ತು ಅದು. ಪ್ರವಾಹದ ವರದಿಗಳು ಬಿದ್ದ ಮನೆ, ಕೊಳೆತ ಬೆಳೆ, ಮುಳುಗಿದ ಸೇತುವೆಗಳ ಲೆಕ್ಕವನ್ನು ಹೇಳುತ್ತವೆ. ಆ ಲೆಕ್ಕ ಬೇಕು. ಆದರೆ ಎರಡು ವರುಷದ ಮಗುವನ್ನು ಶಾಲೆಯ ಕೋಣೆಯೊಂದರಲ್ಲಿ ಹತ್ತಾರು ಜನರ ನಡುವೆ ಮಲಗಿಸಿದ ತಾಯಿಗೆ ಆ ದಿನಗಳು ಹೇಗೆ ಕಳೆದವೆಂಬುದು ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ. ಸದ್ಗೃಹಸ್ಥರ ಮನೆಗಳಿಗೆ ಹೋಗುವ ಪತ್ರಿಕೆಯಲ್ಲಿ ಅದನ್ನು ಕುರಿತೇ ನಾಲ್ಕು ಮಾತು ಬರೆಯುವುದು ಉಚಿತವೆಂದು ನಮಗೆ ತೋರಿತು.

ಮೊದಲು ಹೊಳೆಯ ಸ್ವಭಾವವನ್ನು ಅರಿಯಬೇಕು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅದು ಸಹ್ಯಾದ್ರಿಯ ನೆತ್ತಿ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ. ಅಲ್ಲಿಂದ ಇಳಿದು, ಕಿತ್ತೂರು ತಾಲ್ಲೂಕಿನ ಎಂ.ಕೆ. ಹುಬ್ಬಳ್ಳಿಯಲ್ಲಿ ಗಂಗಾಂಬಿಕೆ ತಾಯಿಯ ಐಕ್ಯಮಂಟಪವನ್ನು ಬಳಸಿ, ಬೈಲಹೊಂಗಲ ತಾಲ್ಲೂಕಿನ ಸಂಗೊಳ್ಳಿಯನ್ನು ಹಾಯ್ದು, ಸವದತ್ತಿಯ ಹತ್ತಿರ ನವಿಲುತೀರ್ಥದ ಕಣಿವೆಯಲ್ಲಿ ಅಣೆಕಟ್ಟಿಗೆ ತಡೆದು ನಿಲ್ಲುತ್ತದೆ. ಆ ಜಲಾಶಯ ಹಿಡಿಯುವ ನೀರು 37.73 ಟಿಎಂಸಿ. ಅದರ ಕೆಳಗೆ ಮುನವಳ್ಳಿ, ತೊರಗಲ್ಲು, ರಾಮದುರ್ಗ. ಇನ್ನೂ ಕೆಳಗೆ ಪಟ್ಟದಕಲ್ಲು, ಐಹೊಳೆ. ಕಡೆಗೆ ಕೂಡಲಸಂಗಮದಲ್ಲಿ ಕೃಷ್ಣೆಯ ಮಡಿಲು. ರಾಮದುರ್ಗದಲ್ಲಿ ಬೀಳುವ ಮಳೆಯಾದರೋ ಕಣಕುಂಬಿಯ ಮಳೆಯ ಐದನೆಯ ಒಂದು ಪಾಲಿನ ಆಸುಪಾಸು. ಅಂದಮೇಲೆ ರಾಮದುರ್ಗದ ಮಗು ನೋಡುವ ಆಕಾಶವೇ ಬೇರೆ, ಅದರ ತೊಟ್ಟಿಲಿನ ಕೆಳಗೆ ಬರುವ ನೀರನ್ನು ಸುರಿಸುವ ಆಕಾಶವೇ ಬೇರೆ. ಅಂಗಳದಲ್ಲಿ ಬಿಸಿಲು ಬಿದ್ದಿರುವಾಗಲೂ ಹೊಳೆ ಏರಬಲ್ಲದು. ಇದನ್ನು ಅರಿಯದವರು ಬಾಗಿಲಲ್ಲಿ ನಿಂತು ಮೋಡ ನೋಡಿ, ಇನ್ನೇನಿಲ್ಲ ಬಿಡು ಎನ್ನುತ್ತಾರೆ.

ಎರಡನೆಯ ಮಾತು. ನವಿಲುತೀರ್ಥದ ಜಲಾಶಯ ಪೂರ್ತಿ ತುಂಬುವುದು ಅಪರೂಪವೆಂದೇ ನಮ್ಮ ಜನ ನಂಬಿದ್ದರು. ವರ್ಷ ವರ್ಷ ಅದರ ಅನುಭವವೂ ಹಾಗೆಯೇ ಇದ್ದಿತು. ಮಲಪ್ರಭೆಗೆ ನೀರು ಬೇಕೆಂದು ಕಳಸಾ ಬಂಡೂರಿಗಾಗಿ ರೈತರು ವರ್ಷಗಟ್ಟಲೆ ಧರಣಿ ಕುಳಿತರು. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಾಧಿಕರಣವು ಆ ಎರಡು ಹಳ್ಳಗಳಿಂದ 3.9 ಟಿಎಂಸಿ ನೀರನ್ನು ಈ ಕಡೆಗೆ ತಿರುಗಿಸಿಕೊಳ್ಳಬಹುದೆಂದು ಹೇಳಿತು. ಅದಾದ ಸರಿಯಾಗಿ ಒಂದು ವರ್ಷಕ್ಕೆ ಬೇಡದಷ್ಟು ನೀರು ಒಮ್ಮೆಗೇ ಬಂದಿತು! ನಡುವಿನ ಬರಗಾಲಗಳಲ್ಲಿ ಹೊಳೆಯು ಹಳ್ಳವಾಗಿ ಕುಗ್ಗಿತ್ತು; ಪಾತ್ರದೊಳಗೆ ಜಾಲಿ ಬೆಳೆಯಿತು, ದಂಡೆಯನ್ನು ಒತ್ತಿ ಕಬ್ಬು ಬೆಳೆಯಿತು. 2009ರ ಮಹಾಪೂರವನ್ನು ಕಂಡಿದ್ದ ಹಿರಿಯರಿಗೆ ಅದರ ನೆನಪಿದ್ದರೂ, ಹತ್ತು ವರುಷದೊಳಗಿನ ಮಕ್ಕಳು ಹುಟ್ಟಿದಾಗಿನಿಂದ ಕಂಡದ್ದು ಮೊಣಕಾಲುದ್ದದ ಮಲಪ್ರಭೆಯನ್ನು. ಆ ಮಕ್ಕಳಿಗೆ ಹೊಳೆಯೆಂದರೆ ಆಟದ ಜಾಗ. ಕೆಂಪು ನೀರು ಏರುತ್ತಿದ್ದಾಗ ಅವರು ದಂಡೆಗೆ ಓಡಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಹರಿಯುವ ನೀರು ಗೇಣುದ್ದವಿದ್ದರೂ ದೊಡ್ಡವರ ಕಾಲನ್ನು ತಪ್ಪಿಸಬಲ್ಲದು. ಮಗುವಿನ ಪಾಡನ್ನು ಹೇಳುವುದೇ ಬೇಡ.

ಅಣೆಕಟ್ಟಿನಿಂದ ಇಷ್ಟು ಸಾವಿರ ಕ್ಯುಸೆಕ್ ಬಿಟ್ಟರು ಎಂದು ರೇಡಿಯೋದಲ್ಲಿಯೂ, ಈಗ ಮೊಬೈಲಿನಲ್ಲಿಯೂ ಸುದ್ದಿ ಬರುತ್ತದೆ. ಅಡುಗೆಮನೆಯ ತಾಯಂದಿರಿಗೆ ಅದು ಬರಿಯ ಅಂಕಿ. ಒಂದು ಕ್ಯುಸೆಕ್ ಎಂದರೆ ಒಂದು ಸೆಕೆಂಡಿಗೆ ಸುಮಾರು 28 ಲೀಟರು, ನಮ್ಮ ಮನೆಯ ಲೆಕ್ಕದಲ್ಲಿ ಎರಡು ಕೊಡ. ಹತ್ತು ಸಾವಿರ ಕ್ಯುಸೆಕ್ ಎಂದರೆ ಕಣ್ಣು ಮಿಟುಕಿಸುವುದರೊಳಗೆ ಇಪ್ಪತ್ತು ಸಾವಿರ ಕೊಡ ಹರಿದುಹೋದಂತೆ. ನವಿಲುತೀರ್ಥದಲ್ಲಿ ಬಿಟ್ಟ ನೀರು ರಾಮದುರ್ಗವನ್ನು ಮುಟ್ಟಲು ಕೆಲವು ತಾಸು ಬೇಕು. ಆ ಕೆಲವು ತಾಸುಗಳೇ ಚಿಕ್ಕ ಮಕ್ಕಳಿರುವ ಮನೆಯ ಆಸ್ತಿ. ಅದನ್ನು ಹೇಗೆ ಕಳೆಯುತ್ತೇವೆಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಇಲ್ಲಿ ನಮ್ಮ ವಯಸ್ಸಿನವರಿಗೆ ಕಟುವಾದ ಮಾತೊಂದನ್ನು ಹೇಳಬೇಕಾಗಿದೆ. ಪ್ರವಾಹದ ಊರುಗಳಲ್ಲಿ ನಾವು ಕೇಳಿ ತಿಳಿದುದೇನೆಂದರೆ, ಮಕ್ಕಳನ್ನು ಅಪಾಯದಲ್ಲಿ ಕೂರಿಸಿದ್ದು ಬಹಳ ಕಡೆ ಅಜ್ಜ ಅಜ್ಜಿಯರ ಹಟ. ಮಗ ಸೊಸೆಯರು ಹೊರಡಲು ಸಿದ್ಧರಿರುತ್ತಾರೆ. ಹಿರಿಯರು ಕಟ್ಟೆ ಬಿಟ್ಟು ಏಳುವುದಿಲ್ಲ. ಎತ್ತು ಎಮ್ಮೆಗಳನ್ನು ಬಿಟ್ಟು ಹೇಗೆ ಬರಲಿ, ದೇವರ ಜಗುಲಿಯ ದೀಪ ಯಾರು ಹಚ್ಚುವರು, ಅಂದಿನ ಪೂರಕ್ಕೂ ನೀರು ಆ ಮೂಲೆಯ ಕಲ್ಲಿಗೆ ಬಂದು ನಿಂತಿತ್ತು, ಇದನ್ನು ದಾಟಲಾರದು ಎನ್ನುತ್ತಾರೆ. ಅತ್ತೆಯನ್ನು ಬಿಟ್ಟು ಸೊಸೆ ಹೊರಡಲಾರಳು; ಅವಳು ಹೊರಡದೆ ಮಕ್ಕಳು ಹೊರಡರು. ಹೀಗೆ ಒಂದು ಮುದಿ ಜೀವದ ಸುತ್ತ ಐದಾರು ಎಳೆಯ ಜೀವಗಳು ಕತ್ತಲಾಗುವ ತನಕ ಕಾಯುತ್ತವೆ. ಕತ್ತಲಲ್ಲಿ, ಸೊಂಟದ ನೀರಿನಲ್ಲಿ, ಕೂಸನ್ನು ತಲೆಯ ಮೇಲೆ ಹೊತ್ತು ಹೊರಡುವುದಕ್ಕೂ, ಹಗಲಲ್ಲಿ ಒಣ ದಾರಿಯಲ್ಲಿ ಚಕ್ಕಡಿಯನ್ನೋ ಟ್ರ್ಯಾಕ್ಟರನ್ನೋ ಏರಿ ಹೊರಡುವುದಕ್ಕೂ ಇರುವ ಅಂತರವನ್ನು ವಿವರಿಸಬೇಕೆ? ಹಳೆಯ ಗುರುತಿನ ಕಲ್ಲನ್ನು ನಂಬುವುದು ಸಲ್ಲದು. ಪಾತ್ರ ಒತ್ತುವರಿಯಾದ ಮೇಲೆ ಅಷ್ಟೇ ನೀರು ಹೆಚ್ಚು ಎತ್ತರಕ್ಕೆ ಏರುತ್ತದೆ. ಸುದ್ದಿ ಬಂದೊಡನೆ ಮನೆಯಲ್ಲಿ ಮೊದಲು ಎದ್ದು ಕೋಲು ಕೈಗೆ ತೆಗೆದುಕೊಳ್ಳಬೇಕಾದವರು ಹಿರಿಯರೇ. ಅವರು ಎದ್ದರೆ ಮನೆ ಎದ್ದಂತೆ. ಇಷ್ಟಲಿಂಗವು ಅಂಗದ ಮೇಲೆಯೇ ಇರುವ ನಮಗೆ ಜಗುಲಿಯ ಚಿಂತೆ ಏಕೆಂದು ನಾವು ಒಬ್ಬ ಹಿರಿಯರನ್ನು ಕೇಳಿದ್ದುಂಟು. ಅವರು ನಕ್ಕು, ಚಿಂತೆ ಜಗುಲಿಯದಲ್ಲ ಬುದ್ಧಿ, ಎಮ್ಮೆಯದು ಎಂದರು. ದನಗಳ ಕಣ್ಣಿ ಬಿಚ್ಚಿ ಎತ್ತರದ ನೆಲಕ್ಕೆ ಮೊದಲೇ ಹೊಡೆದುಬಿಟ್ಟರೆ ಆ ಚಿಂತೆಯೂ ಅರ್ಧ ಕಳೆಯುತ್ತದೆ.

ಎಲ್ಲಿಗೆ ಹೋಗುವುದು? ನಮ್ಮ ಸೀಮೆಯ ಪುಣ್ಯವೆಂದರೆ ಬೀಗರು. ಬೈಲಹೊಂಗಲ ಪಟ್ಟಣ, ಸವದತ್ತಿ, ಕಿತ್ತೂರುಗಳು ಹೊಳೆಯ ದಂಡೆಯಿಂದ ದೂರ, ಎತ್ತರದಲ್ಲಿವೆ. ಹೊಳೆಸಾಲಿನ ಯಾವ ಮನೆಗೂ ಅಲ್ಲೊಬ್ಬ ಸೋದರಮಾವನೋ ಚಿಗವ್ವನೋ ಇಲ್ಲದೆ ಇಲ್ಲ. ತಾಯಿ ಮಕ್ಕಳನ್ನು ಮುಂಚಿತವಾಗಿ ಅಲ್ಲಿಗೆ ಕಳುಹಿಸಿದರೆ ಗಂಡಸರು ಉಳಿದ ಸಾಮಾನಿನ ವ್ಯವಸ್ಥೆ ನೋಡಬಹುದು. ಹಾಗೆ ಬಂದವರನ್ನು ಎಷ್ಟು ದಿನ ಇರುತ್ತೀರಿ ಎಂದು ಕೇಳದಿರುವುದೂ ದಾಸೋಹವೇ.

ಆ ಅನುಕೂಲ ಇಲ್ಲದವರಿಗೆ ಶಾಲೆ, ಕಲ್ಯಾಣಮಂಟಪ, ಮಠಗಳೇ ಆಸರೆ. ಮಕ್ಕಳಿಗೆ ಇದೊಂದು ವಿಚಿತ್ರ. ಯಾವ ಕೋಣೆಯಲ್ಲಿ ಮಗ್ಗಿ ಹೇಳುತ್ತಿದ್ದರೋ ಅದೇ ಕೋಣೆಯಲ್ಲಿ ಅವ್ವನ ಪಕ್ಕ ಮಲಗುವುದು. ಮೊದಲ ದಿನ ಅವರಿಗೆ ಹಿಗ್ಗು. ಎರಡನೆಯ ದಿನದಿಂದ ಅಳು ಹಿಡಿಯುತ್ತದೆ. ಊಟ ದೊಡ್ಡ ಹಂಡೆಯಲ್ಲಿ ಬೇಯುತ್ತದೆ. ದೊಡ್ಡವರಿಗೆಂದು ಖಾರ ಬೀಳುತ್ತದೆ. ಎರಡು ವರುಷದ ನಾಲಿಗೆ ಅದನ್ನು ಒಲ್ಲದು. ಆಗ ಒದಗುವುದು ಪಂಚಮಿಯ ಉಂಡಿ. ಮನೆಯಿಂದ ಏನನ್ನೂ ತರಲಾಗದ ತಾಯಂದಿರು ಉಂಡಿಯ ಡಬ್ಬಿಯನ್ನೊಂದು ಎತ್ತಿಕೊಂಡು ಬಂದಿದ್ದರೆ ಆ ಜಾಣತನಕ್ಕೆ ಮಣಿಯಬೇಕು. ಎಳ್ಳು, ಶೇಂಗಾ, ಬೆಲ್ಲ ಸೇರಿದ ಆ ಉಂಡಿಗೆ ಒಲೆ ಬೇಡ, ನೀರು ಬೇಡ, ಎಂಟು ದಿನ ಕೆಡದು. ಚಿಕ್ಕ ಕೂಸುಗಳಿಗೆ ಅದನ್ನು ಪುಡಿ ಮಾಡಿ ತಿನ್ನಿಸಬೇಕು, ಇಡಿಯಾಗಿ ಕೊಟ್ಟರೆ ಗಂಟಲಲ್ಲಿ ಸಿಕ್ಕೀತು. ಅದರ ಜೊತೆಗೆ ಕಟಿರೊಟ್ಟಿಯೂ ಆ ದಿನಗಳಲ್ಲಿ ನಾಡಿನ ನಾನಾ ಕಡೆಗಳಿಂದ ಗಂಟುಗಂಟಾಗಿ ಬಂದಿತು.

ದಾಸೋಹಕ್ಕೆ ನಿಂತವರಿಗೆ ನಮ್ಮದೊಂದು ಬಿನ್ನಹ. ಸೀರೆ, ಅಕ್ಕಿಗಳನ್ನು ಎಲ್ಲರೂ ತರುತ್ತಾರೆ. ಮೊಲೆಯೂಡುವ ತಾಯಿಗೆ ಒಂದು ಮರೆ ಬೇಕು. ಹಳೆಯ ಧೋತರವೊಂದನ್ನು ಹಗ್ಗಕ್ಕೆ ಕಟ್ಟಿದರೂ ಸಾಕು. ಮರೆಯಿಲ್ಲದೆ ನಾಚಿಕೆಯಿಂದ ತಾಯಿ ಹಾಲೂಡುವುದನ್ನು ಕಡಿಮೆ ಮಾಡಿ ಬಾಟಲಿಗೆ ಇಳಿದರೆ, ಕೆಟ್ಟ ನೀರು ಆ ಬಾಟಲಿಯ ಮೂಲಕವೇ ಕೂಸಿನ ಹೊಟ್ಟೆ ಸೇರುತ್ತದೆ. ಅಂತಹ ಹೊತ್ತಿನಲ್ಲಿ ತಾಯಿಯ ಹಾಲಿನಷ್ಟು ಚೊಕ್ಕ ಆಹಾರ ಮತ್ತೊಂದಿಲ್ಲ. ಹಾಗೆಯೇ ಕೋಣೆಯ ತೊಲೆಗೊಂದು ಸೀರೆಯ ಜೋಳಿಗೆ ಕಟ್ಟಿದರೆ ಇಡೀ ಕೋಣೆಯ ಜನ ನಿದ್ದೆ ಮಾಡುತ್ತಾರೆ; ಇದು ಅನುಭವಿಗಳ ಮಾತು. ನಿತ್ಯದ ಹೊತ್ತಿಗೆ ಮಕ್ಕಳ ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಸಂಜೆಗೊಂದು ಕಥೆ ಹೇಳಿದರೆ ಅವರ ಅರ್ಧ ಅಂಜಿಕೆ ಇಳಿಯುತ್ತದೆ. ಮಗುವಿಗೆ ಮನೆಯೆಂದರೆ ಗೋಡೆಯಲ್ಲ, ದಿನದ ಕ್ರಮ. ಕಥೆ ಹೇಳುವ ಕಾಯಕಕ್ಕಾದರೂ ಕಟ್ಟೆ ಬಿಟ್ಟು ಬಂದ ಅಜ್ಜಿ ಬೇಕಲ್ಲವೆ?

ಭೇದಿ ಹತ್ತಿದರೆ ಕಾಯುತ್ತ ಕೂಡಬಾರದು. ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು, ಮೊಲೆಹಾಲನ್ನು ನಿಲ್ಲಿಸಬಾರದು. ಕೂಸು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಉಚ್ಚೆ ನಿಂತರೆ ಆಸ್ಪತ್ರೆಗೇ ಒಯ್ಯಬೇಕು. ಲಸಿಕೆಯ ವಿವರವುಳ್ಳ ತಾಯಿ ಕಾರ್ಡು, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕಗಳನ್ನು ಮಳೆಗಾಲ ಹುಟ್ಟುವಾಗಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೌದಿಯ ಗಂಟಿನೊಳಗೆ ಇಟ್ಟಿರುವುದು ಲೇಸು. 2019ರಲ್ಲಿ ಸರಕಾರವು ಸಂತ್ರಸ್ತ ಕುಟುಂಬಕ್ಕೆ ತಕ್ಷಣಕ್ಕೆ 10,000 ರೂಪಾಯಿ, ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಕೊಡುವುದಾಗಿ ಸಾರಿತು. ಕಾಗದ ತೊಯ್ದವರು ಆ ಹಣಕ್ಕೆ ಎಷ್ಟು ಅಲೆಯಬೇಕಾಗುತ್ತದೆಂಬುದನ್ನು ಅಲೆದವರೇ ಬಲ್ಲರು.

ನೀರು ಇಳಿಯಿತೆಂದು ಮಕ್ಕಳನ್ನು ಕರೆದುಕೊಂಡು ಓಡಿಬರುವುದು ಇನ್ನೊಂದು ಆತುರ. ನಮ್ಮ ಕಡೆಯ ಮಣ್ಣಿನ ಗೋಡೆಗಳು ನೀರಿನಲ್ಲಿ ನಿಂತಿರುತ್ತವೆ, ನೀರು ಹೋದ ಮೇಲೆ, ಬಿಸಿಲು ಬಿದ್ದ ಮೇಲೆ ಕುಸಿಯುತ್ತವೆ. ಮೇಲಿನ ಮಾಳಿಗೆಯ ಮಣ್ಣಿನ ಭಾರ ತೊಯ್ದು ಇಮ್ಮಡಿಯಾಗಿರುತ್ತದೆ. ಗೋಡೆಯನ್ನು ಬಲ್ಲವರು ನೋಡಿ ಹೇಳುವ ತನಕ ತೊಟ್ಟಿಲು ಒಳಗೆ ಹೋಗಬಾರದು. ಹಗೇವಿನ ಜೋಳ ತೊಯ್ದಿದ್ದರೆ ಒಣಗಿಸಿ ಬೀಸುವ ಆಸೆ ಬೇಡ, ಬೂಸಲು ಹಿಡಿದ ಕಾಳು ಮಕ್ಕಳ ಹೊಟ್ಟೆಗೆ ವಿಷ. ಹಾವು ಚೇಳುಗಳು ಒಣ ಜಾಗ ಹುಡುಕಿ ಹಾಸಿಗೆಯ ಸುರುಳಿಯೊಳಗೆ ಸೇರಿರುತ್ತವೆ. ಸುರುಳಿಯನ್ನು ಕೋಲಿನಿಂದ ಬಿಚ್ಚಬೇಕು. 2019ರ ಅಕ್ಟೋಬರದಲ್ಲಿ ಮಲಪ್ರಭೆ ಮತ್ತೊಮ್ಮೆ ಉಕ್ಕಿದಾಗ, ಆಗ ತಾನೇ ಸಾರಿಸಿ ಒಳಹೊಕ್ಕ ಮನೆಗಳು ಪುನಃ ತೊಯ್ದವು.

ರಾಮದುರ್ಗ, ಸುರೇಬಾನಗಳ ನೇಕಾರರ ಮನೆಗಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಕುಣಿಮಗ್ಗವಿರುವ ಮನೆಯಲ್ಲಿ ನೇಕಾರನು ಕಾಲಿಳಿಬಿಟ್ಟು ಕೂಡುವ ಕುಣಿಯು ಪಡಸಾಲೆಯಲ್ಲಿಯೇ ಇರುತ್ತದೆ. ಪೂರದ ನೀರು ಇಳಿದು ನೆಲ ಕಂಡರೂ ಆ ಕುಣಿಯಲ್ಲಿ ರಾಡಿಯ ನೀರು ದಿನಗಟ್ಟಲೆ ನಿಲ್ಲುತ್ತದೆ. ಮೇಲೆ ಕೆಸರಿನ ಕೆನೆ ಕಟ್ಟಿ ನೆಲವೇ ಎಂಬಂತೆ ಕಾಣುತ್ತದೆ. ಅಂಬೆಗಾಲಿಡುವ ಕೂಸಿಗೆ ಅಷ್ಟು ನೀರು ಸಾಕು. ಲಾಳಿ, ಅಣಿ, ತೊಯ್ದ ನೂಲುಗಳ ಹಾನಿಯನ್ನು ಎಣಿಸುವ ಮೊದಲು ಆ ಕುಣಿಯನ್ನು ಬಕೀಟಿನಿಂದ ತೋಡಿ ಬರಿದು ಮಾಡಬೇಕು, ಪೂರ್ತಿ ಒಣಗುವ ತನಕ ಅದರ ಮೇಲೆ ಕದದ ಹಲಗೆಯೊಂದನ್ನು ಹೊದಿಸಿ ಕಲ್ಲು ಹೇರಿ ಇಡಬೇಕು.