ತೂಗಿ ನೋಡುವ ಕ್ರಿಯಾಪದ

ಪ್ರತಿಯೊಂದು ಭಾಷೆಗೂ ತನ್ನದೇ ಆದ ಜಾಯಮಾನವುಂಟು. ಒಂದು ಭಾಷೆಯ ಪದಕ್ಕೆ ಮತ್ತೊಂದು ಭಾಷೆಯಲ್ಲಿ ಸಮಾನವಾದ ಪದವು ನಿಘಂಟಿನಲ್ಲಿ ದೊರೆತ ಮಾತ್ರಕ್ಕೆ ಅದು ಕಲಿಯುವವನ ಸ್ವತ್ತಾಗುವುದಿಲ್ಲ. ಆ ಪದವು ವಾಕ್ಯದಲ್ಲಿ ಯಾವ ಪದಗಳೊಡನೆ ಸೇರುತ್ತದೆ, ಯಾವ ಸಂದರ್ಭಕ್ಕೆ ಒಪ್ಪುತ್ತದೆ, ಯಾವುದಕ್ಕೆ ಒಪ್ಪುವುದಿಲ್ಲ ಎಂಬುದನ್ನು ಅರಿತಾಗಲೇ ಅದರ ಪ್ರಯೋಗ ಶುದ್ಧವಾಗುತ್ತದೆ. ಕನ್ನಡವನ್ನು ಮಾತೃಭಾಷೆಯಾಗಿ ಪಡೆದು ಇಂಗ್ಲಿಷನ್ನು ಕಲಿಯುವ ವಿದ್ಯಾರ್ಥಿಗಳು ಈ ಮಾತನ್ನು ಮನಗಾಣಬೇಕು. ಆಳವಾಗಿ ಯೋಚಿಸುವುದನ್ನು ಸೂಚಿಸುವ ‘ಪಾಂಡರ್’ ಎಂಬ ಇಂಗ್ಲಿಷ್ ಕ್ರಿಯಾಪದ ಇದಕ್ಕೊಂದು ಉತ್ತಮ ನಿದರ್ಶನ.

ಈ ಪದದ ಮೂಲ ಲ್ಯಾಟಿನ್ ಭಾಷೆ. ಆ ಭಾಷೆಯಲ್ಲಿ ‘ಪಾಂಡುಸ್’ ಎಂದರೆ ತೂಕ; ‘ಪಾಂಡೆರಾರೆ’ ಎಂದರೆ ತೂಗುವುದು. ಫ್ರೆಂಚ್ ಭಾಷೆಯ ಮೂಲಕ ಈ ಪದವು 14ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ತೂಕದ ಅಳತೆಯಾದ ‘ಪೌಂಡ್’, ಭಾರವಾದುದು ಎಂಬ ಅರ್ಥದ ‘ಪಾಂಡರಸ್’ ಇವೂ ಇದರ ಬಂಧುಗಳೇ. ಇಂದು ಇಂಗ್ಲಿಷಿನಲ್ಲಿ ಅಕ್ಕಿಬೇಳೆಗಳನ್ನು ತೂಗುವುದಕ್ಕೆ ‘ವೆಯ್’ ಎಂಬ ಬೇರೆ ಪದವಿದೆ. ‘ಪಾಂಡರ್’ ಎಂಬುದು ಮನಸ್ಸಿನಲ್ಲಿ ತೂಗುವುದಕ್ಕೆ ಮಾತ್ರ ಉಳಿದಿದೆ. ಕನ್ನಡಿಗರಿಗೆ ಈ ಕಲ್ಪನೆ ಹೊಸದೇನೂ ಅಲ್ಲ. ‘ಅಳೆದು ತೂಗಿ ಮಾತನಾಡು’, ‘ಅವರದು ತೂಕದ ಮಾತು’ ಎಂದು ಹಳ್ಳಿಯ ಹಿರಿಯರು ಇಂದಿಗೂ ಹೇಳುತ್ತಾರೆ.

ಈ ತಕ್ಕಡಿಯ ಚಿತ್ರವನ್ನು ಮನಸ್ಸಿನಲ್ಲಿ ಇರಿಸಿಕೊಂಡರೆ ಪದದ ಪ್ರಯೋಗ ಸುಲಭವಾಗಿ ತಿಳಿಯುತ್ತದೆ. ತಕ್ಕಡಿಯ ಎರಡು ತಟ್ಟೆಗಳು ಮೇಲಕ್ಕೂ ಕೆಳಕ್ಕೂ ಆಡುತ್ತಿರುವಷ್ಟು ಹೊತ್ತು ತೂಗುವ ಕಾರ್ಯ ನಡೆದಿರುತ್ತದೆ. ಮುಳ್ಳು ನಿಂತ ಮೇಲೆ ದೊರೆಯುವುದು ತೂಕದ ಫಲಿತಾಂಶ. ‘ಪಾಂಡರ್’ ಎಂಬುದು ಮೊದಲನೆಯದನ್ನು ಹೇಳುತ್ತದೆಯೇ ಹೊರತು ಎರಡನೆಯದನ್ನಲ್ಲ. ಆದುದರಿಂದ ಇನ್ನೂ ಇತ್ಯರ್ಥವಾಗದ ಪ್ರಶ್ನೆಯನ್ನು ಸೂಚಿಸುವ ‘ವೆದರ್’, ‘ಹೌ’, ‘ವೈ’, ‘ವಾಟ್’ ಮೊದಲಾದ ಪದಗಳು ಅದರ ಮುಂದೆ ಬರುತ್ತವೆ. ನಿರ್ಣಯವನ್ನು ಸೂಚಿಸುವ ‘ದಟ್’ ಅದಕ್ಕೆ ಹೊಂದುವುದಿಲ್ಲ. ‘ಐ ಪಾಂಡರ್ ದಟ್ ಹೀ ಈಸ್ ಆನೆಸ್ಟ್’ ಎಂಬುದು ತಪ್ಪು. ಅವನು ಪ್ರಾಮಾಣಿಕನೆಂದು ಭಾವಿಸಿದ ಮೇಲೆ ತೂಗುವುದು ಮುಗಿದಂತಾಯಿತು. ಅಲ್ಲಿ ‘ಐ ಥಿಂಕ್ ದಟ್’ ಎಂದೇ ಹೇಳಬೇಕು.

ಒಂದು ಉದಾಹರಣೆಯನ್ನು ನೋಡಬಹುದು. ಮಗಳ ವಿದ್ಯಾಭ್ಯಾಸಕ್ಕೆ ಹಣ ಬೇಕಾಗಿರುವ ರೈತನೊಬ್ಬನಿದ್ದಾನೆ. ಪಿತ್ರಾರ್ಜಿತವಾದ ಹೊಲವನ್ನು ಮಾರಬೇಕೋ ಬೇಡವೋ ಎಂದು ಅವನು ರಾತ್ರಿಯೆಲ್ಲ ಯೋಚಿಸುತ್ತಾನೆ. ಒಂದು ತಟ್ಟೆಯಲ್ಲಿ ಮಣ್ಣಿನ ಋಣ, ಇನ್ನೊಂದರಲ್ಲಿ ಮಗಳ ಭವಿಷ್ಯ. ಇದನ್ನು ‘ದಿ ಫಾರ್ಮರ್ ಪಾಂಡರ್ಡ್ ವೆದರ್ ಟು ಸೆಲ್ ದಿ ಲ್ಯಾಂಡ್’ ಎಂದು ಬರೆದರೆ ಸರಿ. ಆದರೆ ‘ಹೊಲ ಮಾರಬೇಕೆಂದು ಯೋಚಿಸುತ್ತಿದ್ದಾನೆ’ ಎಂದರೆ ಅವನ ಮನಸ್ಸು ಆಗಲೇ ಮಾರಾಟದ ಕಡೆಗೆ ವಾಲಿದೆ. ಇದನ್ನು ‘ಪಾಂಡರಿಂಗ್ ಟು ಸೆಲ್’ ಎಂದು ಅನುವಾದಿಸಬಾರದು. ‘ಥಿಂಕಿಂಗ್ ಆಫ್ ಸೆಲ್ಲಿಂಗ್’ ಎನ್ನಬೇಕು. ಈ ಎರಡು ವಾಕ್ಯಗಳ ನಡುವಿನ ಅಂತರ ಅಲ್ಪವಾದುದಲ್ಲ. ರೈತನ ಪರವಾಗಿ ಪತ್ರ ಬರೆಯುವವನು ಒಂದರ ಬದಲು ಮತ್ತೊಂದನ್ನು ಬರೆದರೆ, ಓದಿದವನು ಕ್ರಯದ ಮಾತಿಗೇ ಬಂದು ನಿಲ್ಲಬಹುದು.

ಇನ್ನು ಕರ್ಮಪದದ ವಿಚಾರ. ಕನ್ನಡದಲ್ಲಿ ‘ಪ್ರಶ್ನೆಯ ಬಗ್ಗೆ ಯೋಚಿಸಿದಳು’, ‘ಪ್ರಶ್ನೆಯನ್ನು ಕುರಿತು ಆಲೋಚಿಸಿದಳು’ ಎನ್ನುವುದು ವಾಡಿಕೆ. ಈ ‘ಬಗ್ಗೆ’, ‘ಕುರಿತು’ ಎಂಬ ಪದಗಳ ಅಭ್ಯಾಸದಿಂದಾಗಿ ಇಂಗ್ಲಿಷಿನಲ್ಲಿಯೂ ನಾಮಪದದ ಹಿಂದೆ ಯಾವುದಾದರೂ ಉಪಸರ್ಗವಿರಲೇಬೇಕೆಂದು ವಿದ್ಯಾರ್ಥಿಗಳು ಭಾವಿಸುತ್ತಾರೆ. ‘ಪಾಂಡರ್’ಗೆ ಅಂತಹ ನಿರ್ಬಂಧವಿಲ್ಲ. ‘ಷೀ ಪಾಂಡರ್ಡ್ ದಿ ಕ್ವೆಶ್ಚನ್’ ಎಂಬುದೂ ಸರಿ, ‘ಷೀ ಪಾಂಡರ್ಡ್ ಓವರ್ ದಿ ಕ್ವೆಶ್ಚನ್’ ಎಂಬುದೂ ಸರಿ. ‘ಓವರ್’ ಬದಲಿಗೆ ‘ಆನ್’ ಬಂದರೂ ದೋಷವಿಲ್ಲ. ಆದರೆ ‘ಕನ್ಸಿಡರ್’, ‘ಕಾಂಟೆಂಪ್ಲೇಟ್’ ಎಂಬ ಕ್ರಿಯಾಪದಗಳು ಕರ್ಮಪದವನ್ನು ನೇರವಾಗಿಯೇ ಸ್ವೀಕರಿಸುತ್ತವೆ. ಅವುಗಳ ಮುಂದೆ ‘ಅಬೌಟ್’ ಸೇರಿಸುವುದು ಕನ್ನಡದ ‘ಬಗ್ಗೆ’ಯನ್ನು ಇಂಗ್ಲಿಷಿಗೆ ಹೊತ್ತು ಹಾಕಿದಂತೆ. ‘ಡಿಸ್ಕಸ್ ಅಬೌಟ್’ ಎಂಬ ಸಾಮಾನ್ಯ ತಪ್ಪಿಗೂ ಇದೇ ಕಾರಣ.

ಕಾಲದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಯಾರಾದರೂ ಸಲಹೆ ಕೊಟ್ಟಾಗ ಕನ್ನಡಿಗರು ‘ಯೋಚಿಸುತ್ತೇನೆ’ ಎನ್ನುತ್ತಾರೆ. ರೂಪದಲ್ಲಿ ವರ್ತಮಾನಕಾಲವಾದರೂ ಅರ್ಥದಲ್ಲಿ ಅದು ಭವಿಷ್ಯತ್ಕಾಲ. ಅದನ್ನು ಇಂಗ್ಲಿಷಿನಲ್ಲಿ ‘ಐ ಪಾಂಡರ್’ ಎಂದರೆ ಸಾಲದು. ‘ಐ ಷಲ್ ಪಾಂಡರ್ ದಿ ಮ್ಯಾಟರ್’ ಎನ್ನಬೇಕು. ಆ ಕ್ಷಣದಲ್ಲಿಯೇ ಯೋಚನೆ ನಡೆದಿದ್ದರೆ ‘ಐ ಆಮ್ ಪಾಂಡರಿಂಗ್’ ಎಂಬುದು ಸರಿಯಾದ ರೂಪ. ಅಲ್ಲದೆ, ತೂಗುವುದಕ್ಕೆ ಹೊತ್ತು ಬೇಕು. ಆದುದರಿಂದ ‘ತಟ್ಟನೆ’ ಎಂಬ ಅರ್ಥದ ‘ಸಡನ್‌ಲಿ’ ಎಂಬ ಪದವು ಇದರೊಡನೆ ಹೊಂದುವುದಿಲ್ಲ. ಕಾಫಿ ಕುಡಿಯಬೇಕೋ ಚಹಾ ಕುಡಿಯಬೇಕೋ ಎಂಬಂತಹ ಹಗುರವಾದ ವಿಷಯಕ್ಕೆ ಇದನ್ನು ಬಳಸಿದರೆ ಅದು ಹಾಸ್ಯವಾಗುತ್ತದೆ.

ಕನ್ನಡದ ‘ಯೋಚನೆ’ ಎಂಬ ಪದಕ್ಕೆ ಮತ್ತೊಂದು ಮುಖವೂ ಇದೆ. ಮಗು ಕಾಯಿಲೆ ಬಿದ್ದ ಮನೆಗೆ ಹೋದವರು ‘ಏನೂ ಯೋಚನೆ ಮಾಡಬೇಡಿ, ಗುಣವಾಗುತ್ತದೆ’ ಎಂದು ತಾಯಿಗೆ ಸಮಾಧಾನ ಹೇಳುತ್ತಾರೆ. ಇಲ್ಲಿ ಯೋಚನೆಯೆಂದರೆ ವಿಚಾರವಲ್ಲ, ಕಳವಳ. ಈ ಮಾತನ್ನು ‘ಡೋಂಟ್ ಥಿಂಕ್’ ಎಂದೋ ‘ಡೋಂಟ್ ಪಾಂಡರ್’ ಎಂದೋ ಅನುವಾದಿಸಿದರೆ, ಬುದ್ಧಿಯನ್ನು ಉಪಯೋಗಿಸಬೇಡಿ ಎಂದು ಹೇಳಿದಂತಾಗಿ ಸಾಂತ್ವನದ ಮಾತೇ ನೋವಿನ ಮಾತಾದೀತು. ಅಲ್ಲಿಗೆ ತಕ್ಕ ಪದ ‘ವರಿ’.

ಇದಕ್ಕೆ ಹೋಲಿಸಬಹುದಾದ ಇನ್ನೊಂದು ಪದ ‘ರೂಮಿನೇಟ್’. ದನಗಳು ಮೆಲುಕು ಹಾಕುವುದೇ ಇದರ ಮೂಲಾರ್ಥ. ಕನ್ನಡವೂ ‘ಮೆಲುಕು ಹಾಕು’ ಎಂಬ ಮಾತನ್ನು ಮನಸ್ಸಿಗೆ ಅನ್ವಯಿಸಿದೆ. ಆದರೆ ಕನ್ನಡಿಗರು ಮೆಲುಕು ಹಾಕುವುದು ಬಹುಮಟ್ಟಿಗೆ ಸವಿನೆನಪುಗಳನ್ನು. ಇಂಗ್ಲಿಷಿನ ಪದವಾದರೋ ಹಲವು ವೇಳೆ ನೋವನ್ನೇ ಮತ್ತೆ ಮತ್ತೆ ನೆನೆಯುವುದನ್ನು ಸೂಚಿಸುತ್ತದೆ. ಚಿತ್ರ ಒಂದೇ ಆದರೂ ಬಳಕೆ ಒಂದೇ ಅಲ್ಲ.

ಇಂಗ್ಲಿಷ್ ಬರೆಯುವಾಗ ವಿದ್ಯಾರ್ಥಿಗಳು ಮಾಡುವ ಇಂತಹ ತಪ್ಪುಗಳು ಬುದ್ಧಿಯ ಕೊರತೆಯಿಂದ ಆದುವಲ್ಲ. ಮಾತೃಭಾಷೆಯ ನಿಯಮಗಳು ಮನಸ್ಸಿನಲ್ಲಿ ದೃಢವಾಗಿ ನೆಲೆಸಿರುವುದೇ ಅವುಗಳಿಗೆ ಕಾರಣ. ಆದುದರಿಂದ ತಪ್ಪಿಗಾಗಿ ನಾಚಿ ಲೇಖನಿಯನ್ನು ಕೆಳಗಿಡಬೇಕಾದುದಿಲ್ಲ. ಕನ್ನಡದಲ್ಲಿ ಭಾವಿಸು, ಯೋಚಿಸು, ಚಿಂತಿಸು, ಮನನ ಮಾಡು ಎಂಬ ಪದಗಳ ವ್ಯತ್ಯಾಸವನ್ನು ಬಲ್ಲವನಿಗೆ ಇಂಗ್ಲಿಷಿನ ಸೂಕ್ಷ್ಮಗಳು ನಿಲುಕದವೇನೂ ಅಲ್ಲ. ಹೊಸ ಪದವನ್ನು ಕಂಡಾಗ ಅರ್ಥವನ್ನಷ್ಟೇ ಕಂಠಪಾಠ ಮಾಡದೆ, ಎರಡು ಮೂರು ಒಳ್ಳೆಯ ವಾಕ್ಯಗಳೊಡನೆ ಅದನ್ನು ಗುರುತು ಹಾಕಿಕೊಳ್ಳಬೇಕು. ಬಳಸುವ ಮೊದಲು ತೂಗಿ ನೋಡಬೇಕು. ಆಗ ಎರಡು ಭಾಷೆಗಳ ಅರಿವೂ ಒಟ್ಟಿಗೆ ಬೆಳೆಯುತ್ತದೆ.