ರೇಸ್ ಕುದುರೆ ದಮ್ಮು ಖರ್ಚು ಮಾಡೋದು ಎಲ್ಲಿ? ಬರೀ ಟೈಮ್ ನೋಡಿದರೆ ಗೊತ್ತಾಗಲ್ಲ

ಮೈಸೂರು: ರೇಸ್ ಇರುವ ದಿನ ಟೀ ಅಂಗಡಿ ಮುಂದೆ ರೇಸ್ ಬುಕ್ ಹಿಡಿದು ನಿಂತವರನ್ನು ಗಮನಿಸಿ. ಪೆನ್ನು ಓಡುವುದು ಎರಡೇ ಕಡೆ. ಕುದುರೆ ಹಿಂದಿನ ಓಟದಲ್ಲಿ ಎಷ್ಟನೇದಾಗಿ ಬಂತು, ಎಷ್ಟು ಟೈಮ್ ತಗೊಂಡಿತು. ಆ ಟೈಮಿನೊಳಗೆ ತನ್ನ ದಮ್ಮನ್ನು ಮೊದಲರ್ಧದಲ್ಲಿ ಖರ್ಚು ಮಾಡಿತೋ, ಕೊನೆಗೆ ಉಳಿಸಿಕೊಂಡಿತೋ ಅಂತ ಹುಡುಕುವವರು ಕಡಿಮೆ. ಅರ್ಧಕ್ಕರ್ಧ ಲೆಕ್ಕ ತಪ್ಪುವುದು ಇಲ್ಲೇ.

ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಎರಡು ಕುದುರೆಗಳು ಬೇರೆ ಬೇರೆ ದಿನ 1200 ಮೀಟರ್ ಓಡಿವೆ. ಎರಡರದ್ದೂ 1 ನಿಮಿಷ 13 ಸೆಕೆಂಡ್. ಪುಸ್ತಕದಲ್ಲಿ ಸಮಸಮ. ಮೊದಲನೆಯದು ಶುರುವಿನ 600 ಮೀಟರನ್ನು 35.5 ಸೆಕೆಂಡಿನಲ್ಲಿ, ಕೊನೆಯ 600 ಮೀಟರನ್ನು 37.5ರಲ್ಲಿ ಮುಗಿಸಿದೆ. ಎರಡನೆಯದು 36.8 ಮತ್ತು 36.2. ಈಗ ಇದನ್ನು ವೇಗಕ್ಕೆ ತಿರುಗಿಸಿ. ಮೊದಲನೆಯದು ಆರಂಭದಲ್ಲಿ ಸೆಕೆಂಡಿಗೆ 16.9 ಮೀಟರ್, ಕೊನೆಗೆ 16. ಎರಡನ್ನೂ ಕೂಡಿಸಿ, ಆರಂಭದ ಪಾಲು ಶೇಕಡಾ ಎಷ್ಟು ಅಂತ ನೋಡಿದರೆ 51.4 ಬರುತ್ತೆ. ಎರಡನೇ ಕುದುರೆಗೆ ಇದೇ ಲೆಕ್ಕ ಹಾಕಿದರೆ 49.6. ಎರಡು ಅಂಕಿಯ ವ್ಯತ್ಯಾಸವೂ ಇಲ್ಲವಲ್ಲ ಅನ್ನಿಸಬಹುದು. ಆದರೆ ರೇಸಿನಲ್ಲಿ ಇಷ್ಟೇ ಸಾಕು: ಒಂದು ಮುಂದೆ ಓಡಿ ಹಿಡಿದುಕೊಳ್ಳುವ ಕುದುರೆ, ಇನ್ನೊಂದು ಹಿಂದೆ ಕೂತು ಕೊನೆಗೆ ಬರುವ ಕುದುರೆ.

ಈ ಲೆಕ್ಕವನ್ನು ಬೆಳೆಸಿದ್ದು ಅಮೆರಿಕದವರು. ಕ್ಯಾಲಿಫೋರ್ನಿಯಾದ ಹೊವಾರ್ಡ್ ಸಾರ್ಟಿನ್ ಮತ್ತು ಅವರ ಬಳಗ ಇದನ್ನು ಹರಡಿತು. ಟಾಮ್ ಬ್ರೊಹಾಮರ್ 1991ರಲ್ಲಿ 'ಮಾಡರ್ನ್ ಪೇಸ್ ಹ್ಯಾಂಡಿಕ್ಯಾಪಿಂಗ್' ಅನ್ನುವ ಪುಸ್ತಕ ಬರೆದು ಸಾಮಾನ್ಯ ರೇಸ್‌ಪ್ರಿಯರಿಗೂ ತಲುಪಿಸಿದರು. ಅಲ್ಲಿ ಪ್ರತಿ ಓಟದ ಚಾರ್ಟಿನಲ್ಲಿ ಕಾಲು ಮೈಲಿ, ಅರ್ಧ ಮೈಲಿಗೆ ಮುಂದಿದ್ದ ಕುದುರೆಯ ಟೈಮ್, ಉಳಿದವು ಎಷ್ಟು ಲೆಂಗ್ತ್ ಹಿಂದಿದ್ದವು ಅನ್ನುವುದು ಅಚ್ಚಾಗುತ್ತೆ. ಒಂದು ಲೆಂಗ್ತ್ ಅಂದರೆ ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಅಂತ ಹಿಡಿದರೆ ಎಲ್ಲಾ ಕುದುರೆಯ ಲೆಕ್ಕವೂ ಸಿಕ್ಕಿಬಿಡುತ್ತೆ.

ಕುದುರೆಯ ಮೈಯಲ್ಲಿ ಏನಾಗುತ್ತೆ ಅನ್ನುವುದನ್ನೂ ಸ್ವಲ್ಪ ನೋಡಿ. ನಾಗಾಲೋಟದಲ್ಲಿ ಕುದುರೆಗೆ ಒಂದು ನೆಗೆತಕ್ಕೆ ಒಂದೇ ಉಸಿರು. ಓಟ ಶುರುವಾಗುತ್ತಿದ್ದಂತೆ ಗುಲ್ಮ ಸಂಕುಚಿಸಿ, ಕೂಡಿಟ್ಟ ಕೆಂಪು ರಕ್ತಕಣಗಳನ್ನು ರಕ್ತಕ್ಕೆ ಬಿಡುತ್ತೆ. ಹಾಗಿದ್ದೂ ಆಮ್ಲಜನಕ ಒದಗುವುದಕ್ಕಿಂತ ಜೋರಾಗಿ ಓಡಿದರೆ ಸ್ನಾಯು ಸಾಲ ತೆಗೆದ ಹಾಗೆ. ಬಡ್ಡಿ ಕಟ್ಟೋದು ಕೊನೆಯ 300-400 ಮೀಟರಿನಲ್ಲಿ. ಅದಕ್ಕೇ 'ಕೊನೆಗೆ ಹಾರಿಕೊಂಡು ಬಂತು' ಅಂತ ನಾವು ಕೂಗುವ ಕುದುರೆ ಹಲವು ಸಲ ವೇಗ ಹೆಚ್ಚಿಸಿಕೊಂಡೇ ಇರುವುದಿಲ್ಲ. ಅದು ಇದ್ದ ವೇಗದಲ್ಲೇ ಇರುತ್ತೆ, ಮುಂದಿದ್ದವು ಕುಸಿಯುತ್ತಿರುತ್ತವೆ. ಕಣ್ಣಿಗೆ ಮಾತ್ರ ಅದು ಹಾರಿದಂತೆ.

2022ರ ಮೇ 7ರ ಕೆಂಟಕಿ ಡರ್ಬಿಗಿಂತ ಚೆನ್ನಾಗಿ ಇದನ್ನು ತೋರಿಸುವ ಓಟ ಸಿಗಲಿಕ್ಕಿಲ್ಲ. ದೂರ ಒಂದೂಕಾಲು ಮೈಲಿ, ಅಂದರೆ ಸುಮಾರು 2000 ಮೀಟರ್. ಇಪ್ಪತ್ತು ಕುದುರೆ. ಸಮ್ಮರ್ ಈಸ್ ಟುಮಾರೊ ಮುಂದೆ ನುಗ್ಗಿತು, ಕ್ರೌನ್ ಪ್ರೈಡ್ ಪಕ್ಕದಲ್ಲೇ ಬೆನ್ನು ಹತ್ತಿತು. ಮೊದಲ ಕಾಲು ಮೈಲಿ 21.78 ಸೆಕೆಂಡಿನಲ್ಲಿ ಹೋಯಿತು. ಡರ್ಬಿ ಇತಿಹಾಸದಲ್ಲೇ ಅಷ್ಟು ಜೋರಿನ ಶುರು ಇರಲಿಲ್ಲ. ಅರ್ಧ ಮೈಲಿಗೆ 45.36. ಗೆದ್ದ ಕುದುರೆಯ ಒಟ್ಟು ಟೈಮ್ 2 ನಿಮಿಷ 2.61 ಸೆಕೆಂಡ್. ಮುಕ್ಕಾಲು ಮೈಲಿ ಮುಗಿದದ್ದು 1 ನಿಮಿಷ 10.34 ಸೆಕೆಂಡಿಗೆ. ಕಳೆದು ನೋಡಿ: ಓಟದ ಕೊನೆಯ ಅರ್ಧ ಮೈಲಿಗೆ 52.27 ಸೆಕೆಂಡ್. ಶುರುವಿನ ಅರ್ಧ ಮೈಲಿಗಿಂತ ಸುಮಾರು ಏಳು ಸೆಕೆಂಡ್ ಜಾಸ್ತಿ! ಮುಂದೆ ನುಗ್ಗಿದ್ದು ಕಟ್ಟಕಡೆಗೆ ಬಂತು, ಬೆನ್ನು ಹತ್ತಿದ್ದು ಹದಿಮೂರನೇದು. ಬಹಳ ಹಿಂದೆ ಉಳಿದಿದ್ದ ರಿಚ್ ಸ್ಟ್ರೈಕ್ ಗೆದ್ದಿತು. ಒಂದು ಕುದುರೆ ಹಿಂದೆ ಸರಿದಿದ್ದರಿಂದ ಹಿಂದಿನ ದಿನವಷ್ಟೇ ಅದಕ್ಕೆ ಜಾಗ ಸಿಕ್ಕಿತ್ತು. ದರ ಒಂದಕ್ಕೆ ಎಂಬತ್ತು. ಫೇವರಿಟ್ ಎಪಿಸೆಂಟರ್ ಎರಡನೇದು.

ಇದನ್ನು ನೋಡಿ ರಿಚ್ ಸ್ಟ್ರೈಕ್ ಮಹಾ ಕುದುರೆ ಅಂದುಕೊಂಡವರು ಮುಂದಿನ ತಿಂಗಳು ಬೆಲ್ಮಾಂಟ್ ಸ್ಟೇಕ್ಸ್‌ನಲ್ಲಿ ಅದರ ಮೇಲೆ ದುಡ್ಡು ಹಾಕಿದರು. ಅಲ್ಲಿ ಮುಂದೆ ಅಂಥ ಕಿತ್ತಾಟವೇ ಇರಲಿಲ್ಲ. ಎಂಟು ಕುದುರೆಯಲ್ಲಿ ಆರನೇದಾಗಿ ಬಂತು.

ಇದರ ಉಲ್ಟಾ 2023ರ ಪ್ರೀಕ್‌ನೆಸ್. ನ್ಯಾಷನಲ್ ಟ್ರೆಷರ್ ಮುಂದೆ ಹೋಯಿತು, ಯಾರೂ ಮೇಲೆ ಬೀಳಲಿಲ್ಲ. ಜಾಕಿ ಜಾನ್ ವೆಲಾಸ್ಕ್ವೆಜ್ ಆರಾಮಾಗಿ ಅರ್ಧ ಮೈಲಿಯನ್ನು 48.92 ಸೆಕೆಂಡಿನಲ್ಲಿ ಎಳೆದರು. ಉಳಿಸಿಕೊಂಡ ದಮ್ಮಿನಲ್ಲೇ ಕೊನೆಗೆ ಒಂದು ತಲೆಯಷ್ಟು ಅಂತರದಲ್ಲಿ ಗೆದ್ದರು. ಆ ವರ್ಷದ ಡರ್ಬಿ ಗೆದ್ದ ಮೇಜ್ ಮೂರನೇದು. ಹಿಂದಿನಿಂದ ಬರುವ ಕುದುರೆ ಎಷ್ಟೇ ಗಟ್ಟಿ ಇರಲಿ, ಮುಂದಿದ್ದದ್ದು ದಣಿಯದಿದ್ದರೆ ಹಿಡಿಯುವುದು ಕಷ್ಟ. (1973ರ ಡರ್ಬಿಯಲ್ಲಿ ಸೆಕ್ರೆಟೇರಿಯಟ್ ಐದು ಕಾಲು ಮೈಲಿಗಳನ್ನೂ ಒಂದಕ್ಕಿಂತ ಒಂದು ಜೋರಾಗಿ ಓಡಿತ್ತು. 25.2 ಸೆಕೆಂಡಿನಿಂದ ಶುರುವಾಗಿ ಕೊನೆಯದು 23. ಅಂಥದ್ದು ಹುಟ್ಟುವುದೇ ಅಪರೂಪ, ಅದನ್ನು ಲೆಕ್ಕಕ್ಕೆ ಮಾದರಿ ಮಾಡಿಕೊಳ್ಳಬೇಡಿ.)

ಹಾಗಾದರೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ರೇಸ್ ನೋಡುವವರಿಗೆ ಇದರಿಂದ ಏನು ಉಪಯೋಗ? ಸೆಕ್ಷನಲ್ ಟೈಮ್ ಸಿಕ್ಕರೆ ಮೇಲಿನ ಲೆಕ್ಕ ಹಾಕಿ. ಸಿಗದಿದ್ದರೆ ಹಳೆಯ ಓಟಗಳ ವಿಡಿಯೊ ಸಾಕು. ಪ್ರತಿ ಕುದುರೆ ಮೊದಲ 400 ಮೀಟರಿನಲ್ಲಿ ಎಲ್ಲಿತ್ತು ಅಂತ ಒಂದು ಗುರುತು ಹಾಕಿಕೊಳ್ಳಿ: ಮುಂದೆ, ನಡುವೆ, ಹಿಂದೆ. ಆಮೇಲೆ ಇವತ್ತಿನ ಓಟದಲ್ಲಿ 'ಮುಂದೆ' ಗುರುತಿನವು ಎಷ್ಟಿವೆ ಎಣಿಸಿ. ಒಂದೇ ಇದ್ದರೆ ಅದು ತನ್ನ ಲಯದಲ್ಲಿ ಓಡುತ್ತೆ, ಅದರ ಹಳೆಯ ಟೈಮ್ ಸಾಧಾರಣವಾಗಿದ್ದರೂ ಕಡೆಗಣಿಸಬೇಡಿ. ಮೂರು ನಾಲ್ಕು ಇದ್ದು, ಯಾವುದೂ ಬಿಟ್ಟುಕೊಡುವ ಜಾತಿ ಅಲ್ಲ ಅಂದರೆ ನಡುವಿನ ಗುಂಪನ್ನು ನೋಡಿ. ನನಗೆ ಕೇಳಿದರೆ ಶೇಕಡಾವಾರು ಲೆಕ್ಕಕ್ಕಿಂತ ಈ ಎಣಿಕೆಯೇ ಮುಖ್ಯ. ಲೆಕ್ಕ ಒಂದು ಕುದುರೆಯ ಸ್ವಭಾವ ಹೇಳುತ್ತೆ, ಎಣಿಕೆ ಇವತ್ತಿನ ಓಟದ ಸ್ವಭಾವ ಹೇಳುತ್ತೆ.

ಪತ್ರಿಕೆಗಳಲ್ಲಿ ಬರುವ ಬೆಳಗಿನ ಟ್ರ್ಯಾಕ್ ವರ್ಕ್ ಟೈಮ್ ಇದಕ್ಕೆ ಬದಲಿ ಅಲ್ಲ. ಅಲ್ಲಿ ಕುದುರೆಯ ಮೇಲೆ ಒತ್ತಡ ಹಾಕುವ ಎದುರಾಳಿ ಇರಲ್ಲ. ಇನ್ನೊಂದು ಮಾತು, ಗೇಟಿನಿಂದ ನಿಂತ ಕುದುರೆ ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು, ಅದೂ ಮೊದಲ ಭಾಗದ ಟೈಮಿಗೇ ಸೇರುತ್ತೆ. ಹಾಗಾಗಿ 1200 ಮೀಟರಿನ ಅಂಕಿಯನ್ನು 1600 ಮೀಟರಿನದ್ದಕ್ಕೆ, ಒಣ ಟ್ರ್ಯಾಕಿನದ್ದನ್ನು ಮಳೆ ಬಿದ್ದ ಟ್ರ್ಯಾಕಿನದ್ದಕ್ಕೆ ಹೋಲಿಸಬೇಡಿ. ತೂಕ, ಡ್ರಾ, ಜಾಕಿಗೆ ಕೊಟ್ಟ ಸೂಚನೆ ಬದಲಾದರೂ ಚಿತ್ರ ಬದಲಾಗುತ್ತೆ.

ಇಷ್ಟೆಲ್ಲ ಗೊತ್ತಾದರೆ ದುಡ್ಡು ಬರುತ್ತಾ? ಕುದುರೆ ರೇಸ್ ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ, ನಿಜ. ಆದರೆ 2023ರ ಅಕ್ಟೋಬರ್ 1ರಿಂದ ಪಣದ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಗಿದೆ. ಗೆದ್ದ ಲಾಭದ ಮೇಲಲ್ಲ, ಹಾಕಿದ ದುಡ್ಡಿನ ಮೇಲೆ. ದಮ್ಮಿನ ಲೆಕ್ಕ ಪಕ್ಕಾ ಇದ್ದವನಿಗೂ ಪಕ್ಕದವನಿಗಿಂತ ಸಿಗುವ ಮೇಲುಗೈ ತೀರಾ ಸಣ್ಣದು. ಈ ತೆರಿಗೆಯ ಮುಂದೆ ಅದು ನಿಲ್ಲುತ್ತೆ ಅಂತ ನಂಬಿ ಚಿನ್ನ ಅಡ ಇಡೋದು, ಬಡ್ಡಿಗೆ ತರೋದು ಮಾಡಬೇಡಿ. ಓಟ ನೋಡುವ ಖುಷಿಗೆ ಮಾತ್ರ ಈ ಲೆಕ್ಕ ನೂರಕ್ಕೆ ನೂರು.

ಇನ್ನು ವಾಟ್ಸ್‌ಆ್ಯಪ್‌ನಲ್ಲಿ 'ಗ್ಯಾರಂಟಿ ಟಿಪ್ಸ್' ಮಾರುವವರಿದ್ದಾರಲ್ಲ, ದುಡ್ಡು ಕಳಿಸುವ ಮುಂಚೆ ಒಂದು ಪ್ರಶ್ನೆ ಕೇಳಿ: ಈ ಓಟದಲ್ಲಿ ಮೊದಲ 400 ಮೀಟರಿಗೆ ಯಾವ ಕುದುರೆ ಮುಂದಿರುತ್ತೆ, ಯಾಕೆ? ಉತ್ತರದ ಬದಲು ಕ್ಯೂಆರ್ ಕೋಡ್ ಮತ್ತೆ ಬಂದರೆ ನಂಬರ್ ಬ್ಲಾಕ್ ಮಾಡಿ.